ಒಂದಕ್ಕೆ ಎಪ್ಪತ್ತೆರಡು



ನಾನು ಸರ್ವೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸರಪಳಿ ಹಿಡಿಸಿಕೊಂಡು ಹೊಲ ಸುತ್ತಿದವನು. ಬಾಂದುಕಲ್ಲು ಒಂದು ಗೇಣು ಅತ್ತಿತ್ತ ಸರಿದದ್ದಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ಕಂಡಿದ್ದೇನೆ. ನಿವೃತ್ತಿಯಾದ ಮೇಲೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಹಾಲೆಂಡಿನ ಒಂದು ಸೇತುವೆ ಕಟ್ಟಲು ಕೂತೆ. ಅಂದಿನಿಂದ ಮನೆಯವರೆಲ್ಲ ನೆಲದ ಮೇಲೆ ಕೂತು ಉಣ್ಣುತ್ತಿದ್ದೇವೆ. ಮೊಣಕಾಲಿಗೆ ಅದು ಒಳ್ಳೆಯದಂತೆ. ಹಾಗೆ ಹೇಳುವವನು ಮನೆಯಲ್ಲಿ ನಾನೊಬ್ಬನೇ.

ಸೇತುವೆ ಇರುವುದು ಆರ್ನ್‌ಹೆಮ್ ಎಂಬ ಊರಿನಲ್ಲಿ, ರೈನ್ ನದಿಯ ಕೆಳಗವಲಿನ ಮೇಲೆ. ಎರಡನೆಯ ಮಹಾಯುದ್ಧದಲ್ಲಿ 1944ರ ಸೆಪ್ಟೆಂಬರ್ 17, ಭಾನುವಾರ, ಬ್ರಿಟಿಷರ ಒಂದನೇ ವಾಯುದಳ ಡಿವಿಷನ್ನಿನ ಸೈನಿಕರು ಪ್ಯಾರಾಶೂಟಿನಲ್ಲಿ, ಗ್ಲೈಡರುಗಳಲ್ಲಿ ಆ ಊರಿನ ಪಶ್ಚಿಮಕ್ಕೆ ಇಳಿದರು. ಅದೇ ಹೊತ್ತಿಗೆ ದಕ್ಷಿಣದಲ್ಲಿ ಐಂಡ್‌ಹೋವನ್, ನೈಮೇಗನ್ ಊರುಗಳ ಸುತ್ತ ಅಮೆರಿಕದ ಎರಡು ಡಿವಿಷನ್ನುಗಳು ಇಳಿದವು. ಬೆಲ್ಜಿಯಂ ಗಡಿಯಿಂದ ಆರ್ನ್‌ಹೆಮ್‌ವರೆಗೆ ಸುಮಾರು 100 ಕಿಲೋಮೀಟರು. ದಾರಿಯುದ್ದಕ್ಕೂ ಇರುವ ಸೇತುವೆಗಳನ್ನು ಆಕಾಶದಿಂದ ಬಂದವರು ಹಿಡಿದಿಟ್ಟುಕೊಳ್ಳುವುದು, ನೆಲದ ಮೇಲೆ ಟ್ಯಾಂಕುಗಳು ಒಂದೇ ರಸ್ತೆಯಲ್ಲಿ ನುಗ್ಗಿ ಬಂದು ಅವರನ್ನು ಕೂಡಿಕೊಳ್ಳುವುದು, ರೈನ್ ದಾಟಿ ಜರ್ಮನಿಯೊಳಕ್ಕೆ ಹೋಗುವುದು. ಬ್ರಿಟಿಷ್ ಸೇನಾಪತಿ ಮಾಂಟ್‌ಗೊಮರಿಯ ಈ ಯೋಜನೆಯ ಹೆಸರು ಮಾರ್ಕೆಟ್ ಗಾರ್ಡನ್. ತರಕಾರಿ ತೋಟದ ಹೆಸರಿಟ್ಟುಕೊಂಡು ಅಷ್ಟು ಜನ ಸತ್ತ ಯುದ್ಧ ಬೇರೊಂದಿರಲಾರದು.

ಪುಟ್ಟ ಸೈನಿಕರನ್ನು ಇಟ್ಟು ಯುದ್ಧವನ್ನು ಮರುಕಟ್ಟುವ ಹವ್ಯಾಸಿಗಳು ಲೋಕದ ತುಂಬ ಇದ್ದಾರೆ. ಅವರಲ್ಲಿ ಆರ್ನ್‌ಹೆಮ್ ಹುಚ್ಚು ಹಿಡಿದವರೇ ಒಂದು ಪಂಗಡ. ಸಣ್ಣ ಜಾಗ, ಕೆಲವೇ ಬೀದಿ, ಒಂದು ಸೇತುವೆ, ಒಂಬತ್ತು ದಿನ. ಮೇಜಿಗೆ ಹೇಳಿ ಮಾಡಿಸಿದ ಯುದ್ಧ ಎನ್ನುತ್ತಾರೆ. ನಾನೂ ಹಾಗೆಂದುಕೊಂಡೇ ಶುರು ಮಾಡಿದೆ. ಅದು ತಪ್ಪು ಅಂತ ಗೊತ್ತಾಗಲು ಒಂದು ಅಳತೆ ಪಟ್ಟಿ ಸಾಕಾಯಿತು.

ನಾನು ಕಟ್ಟುವುದು ಒಂದಕ್ಕೆ ಎಪ್ಪತ್ತೆರಡರ ಪ್ರಮಾಣದಲ್ಲಿ. ಅಂದರೆ ನಿಜದ 72 ಅಡಿ ನನ್ನ ಮೇಜಿನ ಮೇಲೆ ಒಂದು ಅಡಿ. ಒಬ್ಬ ಆಳು 24 ಮಿಲಿಮೀಟರು, ನಿಮ್ಮ ಕಿರುಬೆರಳಿನ ತುದಿಗೆಣ್ಣಿನಷ್ಟು. ಪ್ಯಾರಾಶೂಟಿನವರನ್ನು ಹೊತ್ತು ತಂದ ಡಕೋಟಾ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 29 ಮೀಟರು, ಮೇಜಿನ ಮೇಲೆ 40 ಸೆಂಟಿಮೀಟರು. ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಆಳುಗಳು ನೆಗೆದದ್ದು ಸುಮಾರು 600 ಅಡಿ ಎತ್ತರದಿಂದ. ಅದನ್ನು ಎಪ್ಪತ್ತೆರಡರಿಂದ ಭಾಗಿಸಿದರೆ ಎರಡೂವರೆ ಮೀಟರು. ಮೇಜಿನ ಎತ್ತರ ಸೇರಿಸಿದರೆ ನನ್ನ ಡಕೋಟಾ ಸೀಲಿಂಗ್ ಫ್ಯಾನು ದಾಟಿ, ತಾರಸಿ ತೂರಿ, ಮೇಲಿನ ಮನೆಯವರ ಅಡುಗೆಮನೆಯಲ್ಲಿ ಹಾರಾಡಬೇಕು. ಅವರು ಇಳಿದ ಬಯಲು ಸೇತುವೆಯಿಂದ 13 ಕಿಲೋಮೀಟರಿನಷ್ಟು ದೂರ. ಭಾಗಿಸಿದರೆ 180 ಮೀಟರು. ನಮ್ಮ ಬೀದಿ ಮುಗಿದು, ತಿರುವಿನ ಗಣಪತಿ ಗುಡಿಯೂ ಮುಗಿದು, ಅದರಾಚೆಯ ಟೀ ಅಂಗಡಿ. ಗಡಿಯಿಂದ ಹೊರಟ ಟ್ಯಾಂಕುಗಳೋ, ಸುಮಾರು 1,400 ಮೀಟರು ಆಚೆಗೆ. ಅದು ನಮ್ಮ ಬಸ್ ನಿಲ್ದಾಣ.

ಅಳತೆ ಪಟ್ಟಿ ಹಿಡಿದು ಗಣಪತಿ ಗುಡಿಯವರೆಗೂ ನಡೆದು ನೋಡಿ ಬಂದೆ. ಬೀದಿಯವರು ಸೈಟು ವಿವಾದ ಎಂದುಕೊಂಡರು.

ಅವತ್ತು ನನಗೆ ಅನ್ನಿಸಿದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ. ಆರ್ನ್‌ಹೆಮ್‌ನಲ್ಲಿ ಬ್ರಿಟಿಷರನ್ನು ಸೋಲಿಸಿದ್ದು ಎರಡು: ಒಂದು ದೂರ, ಇನ್ನೊಂದು ಸುದ್ದಿ ತಲುಪದೆ ಹೋದದ್ದು. ಮೇಜಿನ ಮೇಲೆ ಯುದ್ಧ ಕಟ್ಟುವ ನಾವು ಅಳಿಸಿಹಾಕುವುದೂ ಈ ಎರಡನ್ನೇ. ದೂರವನ್ನು ಕುಗ್ಗಿಸುತ್ತೇವೆ, ಮೇಲೆ ನಿಂತು ಎಲ್ಲವನ್ನೂ ಒಟ್ಟಿಗೆ ನೋಡುತ್ತೇವೆ. ಎರಡನ್ನೂ ತೆಗೆದ ಮೇಲೆ ಉಳಿಯುವುದು ಚೆಂದದ ಬೊಂಬೆಗಳು.

ಚೆಂದವೇನೂ ಕಡಿಮೆಯಲ್ಲ, ಅದನ್ನೂ ಹೇಳುತ್ತೇನೆ. ಪ್ಯಾರಾ ಸೈನಿಕರು ಹಾಕುತ್ತಿದ್ದ ಡೆನಿಸನ್ ಎಂಬ ಮೇಲಂಗಿ ಇದೆಯಲ್ಲ, ಅದಕ್ಕೆ ಮರಳು ಬಣ್ಣದ ಮೇಲೆ ಹಸಿರು ಮತ್ತು ಕಂದು ಪಟ್ಟೆ. ಮೊದಮೊದಲಿನ ಅಂಗಿಗಳಿಗೆ ದೊಡ್ಡ ಬ್ರಷ್ಷಿನಿಂದ ಕೈಯಲ್ಲೇ ಬಣ್ಣ ಬಳಿಯುತ್ತಿದ್ದರಂತೆ. ನಾನು ಮೂರು ಸೊನ್ನೆಯ ಬ್ರಷ್ಷು ಹಿಡಿದು, ಭೂತಗನ್ನಡಿಯ ಕೆಳಗೆ, ಉಸಿರು ಬಿಗಿಹಿಡಿದು ಅದೇ ಬಳಿತವನ್ನು ನಕಲು ಮಾಡುತ್ತೇನೆ. ಮೊದಲು ಮರಳು ಬಣ್ಣ. ಒಣಗಲು ಒಂದು ರಾತ್ರಿ. ಮೇಲೆ ಹಸಿರಿನ ನಾಲ್ಕು ಗೀಟು, ಕಂದಿನ ಮೂರು. ಐದನೆಯ ಗೀಟು ಎಳೆದಿರೋ, ಆಳು ಹಾವಿನ ಹಾಗೆ ಕಾಣುತ್ತಾನೆ. ಕೊನೆಗೆ ತೆಳು ಕಂದು ನೀರನ್ನು ಒಂದು ಹನಿ ಬಿಟ್ಟರೆ ಅದು ತಾನೇ ಮಡಿಕೆಗಳಲ್ಲಿ ಇಳಿದು ನೆರಳಾಗುತ್ತದೆ. ಕಣ್ಣು ಬರೆಯಬಾರದು. ಬರೆದರೆ ಎಲ್ಲರೂ ದೆವ್ವ ಕಂಡವರ ಹಾಗೆ ನೋಡುತ್ತಾರೆ. ಹುಬ್ಬಿನ ಕೆಳಗೆ ಒಂದು ನೆರಳು ಸಾಕು, ಆಳು ಅಳೆದ ಹಾಗೆ ನೋಡುತ್ತಾನೆ.

ಆಳುಗಳು ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿಯವು. ಮಿಕ್ಕದ್ದು ಹೆಚ್ಚಾಗಿ ಮನೆಯದು. ಮಣ್ಣಿಗೆ ಒಣಗಿಸಿದ ಟೀ ಚರಟ. ಮರಗಳಿಗೆ ಒಣ ಹೀರೇಕಾಯಿಯ ನಾರು. ದೀಪದ ಕಂಬಕ್ಕೆ ಊದುಬತ್ತಿಯ ಕಡ್ಡಿ. ಫಿರಂಗಿಯ ನಳಿಗೆಗೆ ಔಷಧಿ ಅಂಗಡಿಯ ಸೂಜಿ. ಸೇತುವೆಗೆ ಏರಿ ಹೋಗುವ ಉತ್ತರದ ಏರುದಾರಿಯನ್ನು ಥರ್ಮಾಕೋಲಿನಲ್ಲಿ ಕೊರೆದು, ಡಾಂಬರಿನ ಬಣ್ಣ ಬರಲೆಂದು ಡಬ್ಬಿಯ ಸ್ಪ್ರೇ ಹೊಡೆದೆ. ಆ ಬಣ್ಣದ ದ್ರಾವಕಕ್ಕೆ ಥರ್ಮಾಕೋಲ್ ಅಂದರೆ ಬಿಸಿ ಅನ್ನಕ್ಕೆ ತುಪ್ಪ ಇದ್ದ ಹಾಗೆ. ನಾನು ನೋಡನೋಡುತ್ತಿದ್ದಂತೆ ಏರುದಾರಿ ಕರಗಿ ಗುಳಿ ಬಿತ್ತು. ಒಂದು ತಿಂಗಳ ಕೆಲಸ, ಎರಡು ನಿಮಿಷ. ಎರಡನೆಯ ಸಲ ಮೊದಲು ಫೆವಿಕಾಲಿನಲ್ಲಿ ಕಾಗದ ಹೊದಿಸಿ ಆಮೇಲೆ ಬಣ್ಣ ಮಾಡಿದೆ.

ನವರಾತ್ರಿಗೆ ಮೈಸೂರಿನಿಂದ ಅಕ್ಕ ಬಂದಿದ್ದಳು. ಐವತ್ತು ವರ್ಷದಿಂದ ಗೊಂಬೆ ಕೂರಿಸುವವಳು. ತಟ್ಟೆಯಲ್ಲಿ ರಾಗಿ ಮೊಳಕೆ ಬರಿಸಿ ಹೊಲ ಮಾಡುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ನನ್ನ ಆರ್ನ್‌ಹೆಮ್ ಸುತ್ತ ಎರಡು ಸುತ್ತು ಬಂದು ಅವಳು ಕೇಳಿದ್ದು ಒಂದೇ: "ಇಷ್ಟೊಂದು ಮನೆ ಕಟ್ಟಿದ್ದೀಯಲ್ಲೋ, ಒಲೆ ಹಚ್ಚೋರು ಯಾರು?"

ಉತ್ತರ ಇರಲಿಲ್ಲ. ನಾನು ಓದಿದ ಆಟದ ನಿಯಮಗಳಲ್ಲಿ ಮನೆ ಅಂದರೆ ಗುಂಡಿಗೆ ಮರೆ, ಅಷ್ಟೆ. ಒಳಗೆ ಎಷ್ಟು ಆಳು ಹಿಡಿಯುತ್ತಾರೆ, ಗೋಡೆ ಎಷ್ಟು ದಪ್ಪ ಅಂತ ಬರೆದಿರುತ್ತದೆ. ಆದರೆ ಆರ್ನ್‌ಹೆಮ್‌ನ ಆ ಮನೆಗಳಲ್ಲಿ ಜನ ಇದ್ದರು. ಪಕ್ಕದ ಓಸ್ಟರ್‌ಬೇಕ್ ಊರಿನಲ್ಲಿ ಕೇಟ್ ಟರ್ ಹಾರ್ಸ್ಟ್ ಎಂಬ ಗೃಹಿಣಿಯ ಮನೆಯೇ ಆಸ್ಪತ್ರೆಯಾಯಿತು. ಮಕ್ಕಳನ್ನು ನೆಲಮಾಳಿಗೆಯಲ್ಲಿಟ್ಟು ಆಕೆ ನೂರಾರು ಗಾಯಾಳುಗಳ ನಡುವೆ ಓಡಾಡಿದಳು. ಕಾಳಗ ಮುಗಿಯುವ ಹೊತ್ತಿಗೆ ಜರ್ಮನರು ಆರ್ನ್‌ಹೆಮ್ ನಗರವನ್ನೇ ಖಾಲಿ ಮಾಡಿಸಿದರು. ಆ ಚಳಿಗಾಲ ಹಾಲೆಂಡಿನ ಜನ ಟ್ಯುಲಿಪ್ ಗಡ್ಡೆ ತಿಂದರು. ಹಸಿವಿನಿಂದ ಸತ್ತವರು ಸುಮಾರು 20 ಸಾವಿರ ಎಂದು ಲೆಕ್ಕ. ಅಕ್ಕ ಊರಿಗೆ ಹೋದ ಮೇಲೆ ನಾನು ಹದಿನಾಲ್ಕು ಜನ ಊರಿನವರನ್ನು ಮಾಡಿದೆ. ರೈಲು ಮಾದರಿಗೆ ಮಾರುವ ಪ್ರಯಾಣಿಕರ ಬೊಂಬೆಗಳು, ಗಾತ್ರದಲ್ಲಿ ಕೊಂಚ ಸಣ್ಣವು. ಆಟದಲ್ಲಿ ಅವರಿಗೆ ಕೆಲಸವಿಲ್ಲ. ಆದರೆ ಅವರಿರುವ ಮನೆಗೆ ಗುಂಡು ಹಾರಿಸುವಾಗ ಆಡುವವರ ಕೈ ಒಂದು ಕ್ಷಣ ತಡೆಯುತ್ತದೆ. ಅಷ್ಟು ಸಾಕು.

ಈಗ ದೂರದ ಮಾತು. ಸೇತುವೆ ಹಿಡಿಯಬೇಕಾದವರನ್ನು ಅಷ್ಟು ದೂರ ಏಕೆ ಇಳಿಸಿದರು? ಸೇತುವೆಯ ಹತ್ತಿರ ವಿಮಾನ ಹೊಡೆಯುವ ತೋಪುಗಳು ಇದ್ದಾವು ಎಂಬ ಭಯ. ನದಿಯ ದಕ್ಷಿಣದ ನೆಲ ಜವುಗು, ಗ್ಲೈಡರಿಗೆ ಆಗದು ಎಂಬ ತೀರ್ಮಾನ. ಮೇಲಾಗಿ ಎಲ್ಲರನ್ನೂ ಒಂದೇ ಸಲ ತರಲು ವಿಮಾನ ಸಾಲಲಿಲ್ಲ, ಮೂರು ದಿನಕ್ಕೆ ಹಂಚಿದರು. ಹೀಗಾಗಿ ಮೊದಲ ದಿನ ಇಳಿದವರಲ್ಲಿ ಅರ್ಧ ಜನ ಮರುದಿನ ಬರುವವರಿಗಾಗಿ ಬಯಲು ಕಾಯುತ್ತ ಅಲ್ಲೇ ನಿಂತರು. ಸೇತುವೆಯ ಕಡೆ ನಡೆದದ್ದು ಒಂದೇ ಬ್ರಿಗೇಡು. ಮರುದಿನವೋ, ಇಂಗ್ಲೆಂಡಿನಲ್ಲಿ ಮಂಜು. ವಿಮಾನಗಳು ಗಂಟೆಗಟ್ಟಲೆ ತಡವಾದವು.

ಫ್ರಾಸ್ಟ್ ಎಂಬ ಕರ್ನಲ್ಲು ತನ್ನ ಬೆಟಾಲಿಯನ್ನನ್ನು ನದಿಯ ಅಂಚಿನ ದಾರಿಯಲ್ಲಿ ನಡೆಸಿಕೊಂಡು ಹೋಗಿ ಅದೇ ಸಂಜೆ ಸೇತುವೆಯ ಉತ್ತರದ ತುದಿ ಹಿಡಿದ. ಅಲ್ಲಿ ಸೇರಿದವರು ಎಲ್ಲ ಕೂಡಿ 740ರಷ್ಟು ಜನ. ಬಾಕಿ ಎರಡು ಬೆಟಾಲಿಯನ್ನು ದಾರಿಯಲ್ಲೇ ಸಿಕ್ಕಿಕೊಂಡವು. ಆ ಪ್ರದೇಶದಲ್ಲಿ ಜರ್ಮನರ, ನಾಜಿ ಪಕ್ಷದ ಸ್ವಂತ ಪಡೆಯಾದ ಎಸ್‌ಎಸ್‌ನ ಎರಡು ಟ್ಯಾಂಕು ಡಿವಿಷನ್ನು, ಸೋತು ಸುಣ್ಣವಾಗಿ ಬಂದವು, ಸುಧಾರಿಸಿಕೊಳ್ಳುತ್ತಿದ್ದವು. ಬ್ರಯನ್ ಅರ್ಕರ್ಟ್ ಎಂಬ ಗುಪ್ತಚರ ಅಧಿಕಾರಿ ವಿಮಾನದಿಂದ ತೆಗೆಸಿದ ಫೋಟೊದಲ್ಲಿ ಟ್ಯಾಂಕುಗಳನ್ನು ತೋರಿಸಿ ಎಚ್ಚರಿಸಿದ್ದ. ಅವನಿಗೆ ದಣಿವಾಗಿದೆ ಎಂದು ರಜೆ ಕೊಟ್ಟು ಕಳಿಸಿದರು. ಮುಂದೆ ಅವನು ವಿಶ್ವಸಂಸ್ಥೆಯಲ್ಲಿ ದೊಡ್ಡ ಹೆಸರು ಮಾಡಿದ. ಜರ್ಮನ್ ಸೇನಾಪತಿ ಫೀಲ್ಡ್ ಮಾರ್ಷಲ್ ಮೋಡೆಲ್ ಬಿಡಾರ ಮಾಡಿದ್ದು ಓಸ್ಟರ್‌ಬೇಕಿನ ಹೋಟೆಲಿನಲ್ಲೇ. ಪ್ಯಾರಾಶೂಟುಗಳನ್ನು ಕಂಡು ತನ್ನನ್ನೇ ಹಿಡಿಯಲು ಬಂದರು ಎಂದುಕೊಂಡು ಮಧ್ಯಾಹ್ನದ ಊಟ ಬಿಟ್ಟು ಓಡಿದ. ಮಾಡೆಲ್ ಕಟ್ಟುವ ನಮಗೆ ಆ ಹೆಸರೇ ಒಂದು ತಮಾಷೆ.

ನನ್ನ ಮೇಜು ತೋರಿಸುವುದು ಸೆಪ್ಟೆಂಬರ್ 18ರ ಬೆಳಗನ್ನು. ಗ್ರೇಬ್ನರ್ ಎಂಬ ಎಸ್‌ಎಸ್ ಅಧಿಕಾರಿ ಹಿಂದಿನ ಸಂಜೆಯಷ್ಟೇ, ಬ್ರಿಟಿಷರು ಬರುವ ಮೊದಲು, ಸೇತುವೆ ದಾಟಿ ದಕ್ಷಿಣಕ್ಕೆ ಹೋಗಿದ್ದ. ಬೆಳಗಾಗುತ್ತಲೇ ವಾಪಸು ನುಗ್ಗಿದ. ಮೊದಲ ಕೆಲವು ಕವಚದ ಕಾರುಗಳು ಗುಂಡಿನ ಮಳೆಯಲ್ಲೂ ಪಾರಾದವು. ಆಮೇಲೆ ಬಂದ ವಾಹನಗಳು ಒಂದರ ಬಾಲಕ್ಕೆ ಇನ್ನೊಂದು ಗುದ್ದಿ, ಏರುದಾರಿಯ ಮೇಲೆ ಉರಿದು ಬಿದ್ದವು. ಗ್ರೇಬ್ನರ್ ಅಲ್ಲೇ ಸತ್ತ. ಅವನು ಓಡಾಡುತ್ತಿದ್ದ ಗಾಡಿ ಬ್ರಿಟಿಷರಿಂದಲೇ ಕಿತ್ತುಕೊಂಡ ಒಂದು ಹಂಬರ್ ಕವಚದ ಕಾರು. ಮಾದರಿ ಕಟ್ಟುವವನಿಗೆ ಇದಕ್ಕಿಂತ ಹಬ್ಬ ಬೇಕೆ? ಬ್ರಿಟಿಷ್ ಕಾರಿನ ಕಿಟ್ಟು ತಂದು, ಅದರ ಮೇಲೆ ಜರ್ಮನ್ ಶಿಲುಬೆ ಬರೆದು, ಗೊತ್ತಿಲ್ಲದವರು ತಪ್ಪು ಎಂದು ಬೆರಳು ತೋರಿಸಲಿ ಎಂದು ಕಾಯುತ್ತ ಕೂರಬಹುದು.

ಆ ದಿನ ಬ್ರಿಟಿಷ್ ವಿಮಾನವೊಂದು ಮೇಲಿನಿಂದ ತೆಗೆದ ಒಂದು ಫೋಟೊ ಇದೆ. ಏರುದಾರಿಯ ಮೇಲೆ ಸುಟ್ಟ ಗಾಡಿಗಳು ಇರುವೆ ಸತ್ತು ಬಿದ್ದ ಹಾಗೆ ಕಾಣುತ್ತವೆ. ಅದನ್ನು ದೊಡ್ಡದು ಮಾಡಿಸಿ, ಮೇಲೆ ಪೆನ್ಸಿಲಿನಲ್ಲಿ ಚೌಕ ಎಳೆದು, ಚೌಕದಿಂದ ಚೌಕಕ್ಕೆ ಒಂದೊಂದೇ ಗಾಡಿಯನ್ನು ಮೇಜಿನ ಮೇಲೆ ಇಟ್ಟೆ. ಹಳೆಯ ಕಸುಬು ಅಲ್ಲಿ ಕೈಬಿಡಲಿಲ್ಲ. ಒಂದು ಗಾಡಿ ಮಾತ್ರ ರಸ್ತೆಯ ಅಂಚಿಗೆ ಹೊರಳಿದ ಕೋನ ಎಷ್ಟು ಸಲ ಇಟ್ಟರೂ ಹೊಂದಲಿಲ್ಲ. ಮೂರು ಸಂಜೆ ಅದಕ್ಕೇ ಹೋಯಿತು.

ಪಕ್ಕದ ಬೀದಿಯಲ್ಲಿ ನಿವೃತ್ತ ಸುಬೇದಾರರೊಬ್ಬರಿದ್ದಾರೆ. ಆಗ್ರಾದಲ್ಲಿ ನೆಗೆತ ಕಲಿತ ಪ್ಯಾರಾ ರೆಜಿಮೆಂಟಿನವರು. ಆ ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಇರುವುದು ನಿಮಗೆ ಗೊತ್ತಿರಬಹುದು. ನನ್ನ ಮೇಜನ್ನು ನೋಡಲು ಬಂದವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸಾರ್, ಗಾಳಿ ಎಲ್ಲಿ?" ಎಂದರು. ನಾನು ಆಳುಗಳನ್ನು ಬಯಲಿನಲ್ಲಿ ಸಾಲಾಗಿ ನಿಲ್ಲಿಸಿದ್ದೆ. ಅವರು ಹಳೇ ಪೇಪರನ್ನು ಸಣ್ಣಗೆ ಹರಿದು, ಸ್ಟೂಲಿನ ಮೇಲೆ ಹತ್ತಿ, ಫ್ಯಾನು ಒಂದರಲ್ಲಿ ಹಾಕಿಸಿ, ಚೂರುಗಳನ್ನು ಕೈಬಿಟ್ಟರು. ಒಂದೊಂದು ಚೂರು ಬಿದ್ದಲ್ಲಿ ಒಬ್ಬೊಬ್ಬ ಆಳು. ನಾಲ್ವರು ನದಿಯಲ್ಲಿ, ಒಬ್ಬ ಸೋಫಾದ ಕೆಳಗೆ. ನಿಜದಲ್ಲಿ ಆ ಭಾನುವಾರ ಬಿಸಿಲು ಚೆನ್ನಾಗಿತ್ತು, ಬ್ರಿಟಿಷರು ಅಚ್ಚುಕಟ್ಟಾಗಿಯೇ ಇಳಿದರು ಎಂದು ನಾನು ವಾದಿಸಿದೆ. "ಅದೃಷ್ಟ" ಎಂದು ಸ್ಟೂಲಿನಿಂದ ಇಳಿದರು.

ಅವರಿಗೆ ಅವರ ರೆಜಿಮೆಂಟಿನ ಕಥೆಯೇ ಬಾಯಲ್ಲಿ. 1971ರ ಡಿಸೆಂಬರ್ 11ರಂದು ಎರಡನೇ ಪ್ಯಾರಾ ಬೆಟಾಲಿಯನ್ನು ಇಂದಿನ ಬಾಂಗ್ಲಾದೇಶದ ತಂಗೈಲ್ ಬಳಿ ಇಳಿದು ಪೂಂಗ್ಲಿ ಸೇತುವೆ ಹಿಡಿಯಿತು. ಮರುದಿನ ನೆಲದ ದಾರಿಯಲ್ಲಿ ಬಂದು ಕೂಡಿಕೊಂಡದ್ದು ಮರಾಠಾ ಲೈಟ್ ಇನ್‌ಫೆಂಟ್ರಿಯ ಒಂದನೇ ಬೆಟಾಲಿಯನ್ನು, ನಮ್ಮ ಬೆಳಗಾವಿಯಲ್ಲಿ ಕೇಂದ್ರವಿರುವ ರೆಜಿಮೆಂಟು. "ಸೇತುವೆ ಹತ್ತಿರವೇ ಇಳಿದ್ರು ಸಾರ್. ಒಂದೇ ದಿನ ಕಾಯೋದು" ಎನ್ನುತ್ತಾರೆ. ಆರ್ನ್‌ಹೆಮ್‌ನವರಿಗೂ ಎರಡು ದಿನ ಕಾದರೆ ಸಾಕು ಎಂದೇ ಹೇಳಿ ಕಳಿಸಿದ್ದರು.

ಇನ್ನು ಸುದ್ದಿ. ಬಾನುಲಿಯಲ್ಲಿ ಕೂತು ಹೇಳಲು ಇದು ತಕ್ಕ ಮಾತು: ಆರ್ನ್‌ಹೆಮ್‌ನಲ್ಲಿ ಕೈಕೊಟ್ಟದ್ದು ಬಾನುಲಿಯೇ. ಕಾಡು, ಕಟ್ಟಡಗಳ ನಡುವೆ ಅವರ ವೈರ್‌ಲೆಸ್ ಪೆಟ್ಟಿಗೆಗಳು ಒಂದಕ್ಕೊಂದು ಕೇಳಿಸಲಿಲ್ಲ. ಡಿವಿಷನ್ನಿನ ಜನರಲ್ ಅರ್ಕರ್ಟ್ (ಮೇಲೆ ಹೇಳಿದ ಗುಪ್ತಚರನಿಗೂ ಇವರಿಗೂ ನಂಟಿಲ್ಲ) ಏನಾಗುತ್ತಿದೆ ಎಂದು ನೋಡಲು ತಾವೇ ಮುಂದೆ ಹೋಗಿ, ಶತ್ರುಗಳ ನಡುವೆ ಸಿಕ್ಕಿಬಿದ್ದು, ಒಂದು ಮನೆಯ ಅಟ್ಟದಲ್ಲಿ ಅಡಗಿ ಕೂತರು. ಡಿವಿಷನ್ನಿಗೆ ಯಜಮಾನನೇ ಇಲ್ಲ. ಫ್ರಾಸ್ಟನ ಜನ ಸದ್ದುಗದ್ದಲದಲ್ಲಿ ಒಬ್ಬರನ್ನೊಬ್ಬರು ಗುರುತಿಸಲು ತಮ್ಮ ಯುದ್ಧಘೋಷ ಕೂಗಿದರು. ಪಾರಿವಾಳದ ಕಾಲಿಗೆ ಚೀಟಿ ಕಟ್ಟಿ ಕಳಿಸಿದ್ದೂ ಉಂಟು. ವಿಪರ್ಯಾಸವೆಂದರೆ ಅದೇ ಓಸ್ಟರ್‌ಬೇಕಿನಲ್ಲಿ ಉಳಿದವರು ಸಿಕ್ಕಿಬಿದ್ದ ಮುತ್ತಿಗೆಯೊಳಗಿಂದ ಬಿ.ಬಿ.ಸಿ.ಯ ಸ್ಟ್ಯಾನ್ಲಿ ಮ್ಯಾಕ್ಸ್‌ಟೆಡ್ ಗುಂಡಿನ ಸದ್ದಿನ ನಡುವೆ ಮಾಡಿಕೊಂಡ ವರದಿ ಲೋಕಕ್ಕೆಲ್ಲ ಕೇಳಿಸಿತು.

ಮೇಜಿನ ಮೇಲೆ ಈ ಕಿವುಡನ್ನು ತರುವುದು ಹೇಗೆ? ಉಪಾಯ ಹೊಸದಲ್ಲ. 1824ರಲ್ಲಿ ಪ್ರಷ್ಯಾದ ರೈಸ್‌ವಿಟ್ಸ್ ಎಂಬ ತರುಣ ಅಧಿಕಾರಿ ತನ್ನ ಸೈನ್ಯಕ್ಕೆ ಕಲಿಸಿದ ಯುದ್ಧದಾಟದಲ್ಲಿ ಎರಡು ಪಕ್ಷಗಳ ನಡುವೆ ಒಬ್ಬ ತೀರ್ಪುಗಾರ ಇರುತ್ತಿದ್ದ. ಆಡುವವನಿಗೆ ನಿಜದಲ್ಲಿ ಎಷ್ಟು ಕಾಣುತ್ತಿತ್ತೋ ಅಷ್ಟನ್ನೇ ಅವನು ತೋರಿಸುತ್ತಿದ್ದ. ಎಚ್.ಜಿ. ವೆಲ್ಸ್ 1913ರಲ್ಲಿ ಬರೆದ ಆಟದ ಪುಸ್ತಕ ಹೆಚ್ಚು ಪ್ರಸಿದ್ಧ. ಅಲ್ಲಿ ಎಲ್ಲ ನೆಲದ ಮೇಲೆ ಬಿಚ್ಚಿಟ್ಟದ್ದು, ಸ್ಪ್ರಿಂಗಿನ ತೋಪಿನಿಂದ ಬೊಂಬೆ ಉರುಳಿಸುವುದು. ಮಜಾ ವೆಲ್ಸನದು, ಬುದ್ಧಿ ರೈಸ್‌ವಿಟ್ಸನದು ಎಂದು ನನ್ನ ಎಣಿಕೆ.

ಹೋದ ಸೆಪ್ಟೆಂಬರಿನ ಒಂದು ಭಾನುವಾರ ಆಡಿದೆವು. ಯುದ್ಧದ ಒಂದು ಗಂಟೆಗೆ ನಮ್ಮ ಐದು ನಿಮಿಷ. ನಾನು ತೀರ್ಪುಗಾರ. ಸುಬೇದಾರರು ಫ್ರಾಸ್ಟ್. ಅವರನ್ನು ಸೇತುವೆಯ ತುದಿಯ ಹಲಗೆಯೊಂದಿಗೆ ಜಗಲಿಯಲ್ಲಿ ಕೂರಿಸಿ, ನಡುವೆ ಬೆಡ್‌ಶೀಟಿನ ಪರದೆ ಕಟ್ಟಿದೆ. ಸೋದರಳಿಯ ಜನರಲ್ ಅರ್ಕರ್ಟ್, ಹಾಲಿನಲ್ಲಿ. ಎದುರು ಮನೆಯ ಕಾಲೇಜು ಹುಡುಗಿ ಜರ್ಮನರು, ಅಡುಗೆಮನೆಯಲ್ಲಿ. ಮೊಬೈಲು ಕಡಗೋಲಿನ ಡಬ್ಬಿಯಲ್ಲಿ. ಯಾರೇನು ಹೇಳಬೇಕಾದರೂ ಚೀಟಿ ಬರೆದು ಮೊಮ್ಮಗನ ಕೈಗೆ ಕೊಡಬೇಕು. ಅವನು ದಾಳ ಹಾಕಿ ಐದು ಅಥವಾ ಆರು ಬಿದ್ದರೆ ತಲುಪಿಸಬೇಕು, ಇಲ್ಲದಿದ್ದರೆ ಜೇಬಿಗೆ.

ಹತ್ತೂವರೆ ಹೊತ್ತಿಗೆ ಸೋದರಳಿಯ ಮುಂದೆ ಹೋಗಿ ನೋಡುತ್ತೇನೆ ಎಂದ. ಚರಿತ್ರೆ ಹೇಳಿದಂತೆ ಅವನನ್ನು ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದೆ. ಉಪ್ಪಿನಕಾಯಿ ಜಾಡಿಗಳ ನಡುವೆ ಕೂತು ಬೈಯುತ್ತಿದ್ದದ್ದು ಕೇಳುತ್ತಿತ್ತು. ಹಾಲಿನಲ್ಲಿ ಅವನ ಪಡೆ ನಿಂತಲ್ಲೇ ನಿಂತಿತು. ಎದುರು ಮನೆಯ ಹುಡುಗಿ ದೋಸೆ ತಿನ್ನುತ್ತ, ಆತುರವಿಲ್ಲದೆ ಒಂದೊಂದೇ ರಸ್ತೆ ಮುಚ್ಚುತ್ತ ಬಂದಳು.

ಜಗಲಿಯಲ್ಲಿ ಸುಬೇದಾರರು. ಬರೆದ ಹನ್ನೊಂದು ಚೀಟಿಯಲ್ಲಿ ತಲುಪಿದ್ದು ಮೂರು. ಮಧ್ಯಾಹ್ನದ ಮೇಲೆ ಬರೆಯುವುದನ್ನೇ ಬಿಟ್ಟರು. ಕಾಫಿ ಕೊಡಲು ಹೋದಾಗ ಕಂಡೆ, ಅವರು ಆಳುಗಳನ್ನು ಉರಿಯುವ ಮನೆಯಿಂದ ಪಕ್ಕದ ಮನೆಗೆ ಸರಿಸುತ್ತಿದ್ದರು. ಬಿದ್ದವರನ್ನು ಡಬ್ಬಿಗೆ ಹಾಕದೆ ಗೋಡೆಯ ಹಿಂದೆ ಸಾಲಾಗಿ ಮಲಗಿಸಿದ್ದರು. "ಟ್ಯಾಂಕು ಎಲ್ಲಿದಾವೆ ಸಾರ್?" ಎಂದರು. ತೀರ್ಪುಗಾರ ಹೇಳುವ ಹಾಗಿಲ್ಲ.

ನಿಜದಲ್ಲಿ ಟ್ಯಾಂಕುಗಳು 20ರ ಸಂಜೆ ನೈಮೇಗನ್ ಸೇತುವೆ ದಾಟಿ, 17 ಕಿಲೋಮೀಟರು ಉಳಿದಿರುವಾಗ ಆ ರಾತ್ರಿ ನಿಂತವು. ಸೇತುವೆಯಲ್ಲಿ ಫ್ರಾಸ್ಟ್ ಗಾಯಗೊಂಡಿದ್ದ. ಗಾಯಾಳುಗಳನ್ನು ಒಪ್ಪಿಸಲು ಎರಡು ಕಡೆಯವರೂ ಸ್ವಲ್ಪ ಹೊತ್ತು ಗುಂಡು ನಿಲ್ಲಿಸಿದ್ದರು. 21ರ ಬೆಳಗ್ಗೆ ಅಲ್ಲಿ ಎಲ್ಲ ಮುಗಿಯಿತು. ಅದೇ ದಿನ ನದಿಯಾಚೆ ಡ್ರೀಲ್ ಎಂಬಲ್ಲಿ ಸೊಸಬೋವ್ಸ್ಕಿಯ ಪೋಲಿಷ್ ಪ್ಯಾರಾ ಪಡೆ ಇಳಿಯಿತು, ತಡವಾಗಿ. ಆಮೇಲೆ ತಪ್ಪನ್ನು ಆತನ ತಲೆಗೇ ಕಟ್ಟಿದರು. ಡಚ್ಚರು ಆ ಪಡೆಗೆ ಮರ್ಯಾದೆ ಸಲ್ಲಿಸಿದ್ದು 2006ರಲ್ಲಿ, ಆತ ತೀರಿಕೊಂಡು ಎಷ್ಟೋ ವರ್ಷದ ಮೇಲೆ. 25ರ ರಾತ್ರಿ ಓಸ್ಟರ್‌ಬೇಕಿನ ಮುತ್ತಿಗೆಯಿಂದ ಮಳೆಯಲ್ಲಿ ದೋಣಿಗಳಲ್ಲಿ ನದಿ ದಾಟಿ ಬಂದವರು ಸುಮಾರು 2,400 ಜನ. ಹೋಗಿದ್ದವರು 10 ಸಾವಿರದಷ್ಟು.

ನಮ್ಮ ಆಟ ಸಂಜೆ ನಾಲ್ಕೂವರೆಗೆ ಮುಗಿಯಿತು. ಪರದೆ ತೆಗೆದಾಗ ಸುಬೇದಾರರು ಎದ್ದು ಬಂದು ಇಡೀ ಮೇಜನ್ನು ಆ ದಿನ ಮೊದಲ ಸಲ ನೋಡಿದರು. ಸೋದರಳಿಯನ ಪಡೆ ನಿಂತಿದ್ದದ್ದು ಅವರ ಜಗಲಿಯಿಂದ ಎರಡು ಮೊಳ ದೂರದಲ್ಲಿ.

ನಾಲ್ಕು ದಿನ ಬಿಟ್ಟು, ಒಗೆದ ಬಟ್ಟೆ ಒಣಹಾಕುವಾಗ ನನ್ನಾಕೆಗೆ ಮೊಮ್ಮಗನ ಚಡ್ಡಿಯ ಜೇಬಿನಲ್ಲಿ ಕಾಗದದ ಮುದ್ದೆ ಸಿಕ್ಕಿತು. ತಲುಪದ ಚೀಟಿಗಳು. ಒಂದನ್ನು ಮಾತ್ರ ಬಿಡಿಸಲು ಬಂತು. ನನ್ನದೇ ಅಕ್ಷರ, ಸುಬೇದಾರರಿಗೆ ಬರೆದದ್ದು: ನೈಮೇಗನ್ ದಾಟಿದ್ದೇವೆ, ರಾತ್ರಿ ನಿಲ್ಲುತ್ತೇವೆ. ಒಣಗಿಸಿ, ಇಸ್ತ್ರಿ ಮಾಡಿ, ತೆಗೆದುಕೊಂಡು ಹೋಗಿ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಬಾಗಿಲ ಬೆಳಕಿಗೆ ಹಿಡಿದು ಎರಡು ಸಲ ಓದಿದರು.

"ಸಾರ್, ಇದಕ್ಕೆ ಟೈಮ್ ಹಾಕಿಲ್ಲ ನೀವು" ಎಂದರು.

ಹಾಕಿರಲಿಲ್ಲ.